ತೊಂಬತ್ತು ದಿನ ಓದದವರ ಪಟ್ಟಿ

ಮುಖ್ಯ ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ, ತೊಂಬತ್ತು ದಿನಗಳಿಂದ ಪುಸ್ತಕ ತೆರೆಯದವರ ಹೆಸರನ್ನು ನಮ್ಮ ಬಸ್ ಡಿಪೋದ ಇ-ಪುಸ್ತಕ ಗ್ರಂಥಾಲಯದಿಂದ ಸೋಮವಾರದೊಳಗೆ ಅಳಿಸಬೇಕೆಂದು ಆದೇಶ ಕಳಿಸಿದ್ದೀರಿ. ಜೊತೆಗಿರುವ ಪಟ್ಟಿಯಲ್ಲಿ ಒಂದೇ ಹೆಸರಿದೆ, ನನ್ನ ಅಕ್ಕನದು. ಇದೇ ಡಿಪೋದಲ್ಲಿ ಕಂಡಕ್ಟರ್ ಆಗಿದ್ದಳು. ತೀರಿಕೊಂಡು ನಾಲ್ಕು ತಿಂಗಳಾಯಿತು. ಓದದೇ ಇರುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ನಿಮ್ಮ ನಿಯಮಾವಳಿಯಲ್ಲಿದ್ದರೆ ದಯವಿಟ್ಟು ತಿಳಿಸಿ.

ನಾನು ಟೈರ್ ವಿಭಾಗದ ಮೆಕ್ಯಾನಿಕ್. ಗುಜರಿಗೆ ಹೊರಟಿದ್ದ ಕಂಪ್ಯೂಟರೊಂದನ್ನು ಬಿಡಿಭಾಗಗಳ ಕೋಣೆಯಲ್ಲಿಟ್ಟು, ಪುಸ್ತಕ ತುಂಬಿಸಿ, ಎಲ್ಲರ ಮೊಬೈಲಿಗೂ ಜೋಡಿಸಿದವನು ನಾನೇ. ಮೊದಲು ನಲವತ್ತು ಜನರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟ ಜಾಣನೂ ನಾನೇ. ಒಬ್ಬರು ನಿಲ್ಲಿಸಿದ ಪುಟದಲ್ಲೇ ಇನ್ನೊಬ್ಬರಿಗೆ ಪುಸ್ತಕ ತೆರೆದುಕೊಳ್ಳುತ್ತಿತ್ತು.

"ಏನಪ್ಪಾ ಇದು, ನಾನಿನ್ನೂ ಹೆಣಾನೇ ನೋಡಿಲ್ಲ, ನಿಮ್ಮಕ್ಕ ಆಗ್ಲೇ ಕೊಲೆಗಾರನ್ನ ಹಿಡಿದುಬಿಟ್ಟಿದ್ದಾಳೆ," ಎಂದು ಪತ್ತೇದಾರಿ ಕಾದಂಬರಿ ತೆರೆದ ಹಿರಿಯ ಡ್ರೈವರ್ ರೇಗಿದರು.

"ಎಲ್ರಿಗೂ ಒಂದೊಂದು ಹೆಸರು ಕೊಡೋ. ನನ್ ಪುಟ ನನಗಿರ್ಲಿ," ಎಂದಳು ಅಕ್ಕ.

ಕೊಟ್ಟೆ. ಎರಡು ಟ್ರಿಪ್ಪುಗಳ ನಡುವಿನ ಹತ್ತು ನಿಮಿಷದಲ್ಲೇ ಅವಳ ಓದು. ಕೊನೆಯ ಕಾದಂಬರಿಯ ನೂರ ನಲವತ್ತಮೂರನೇ ಪುಟದಲ್ಲಿ ನಿಂತಿದ್ದಾಳೆ. ಹೆಸರು ಅಳಿಸಿದರೆ ಆ ಗುರುತೂ ಅಳಿಯುತ್ತದೆ. ಬರೆದಿಟ್ಟುಕೊಳ್ಳಬಹುದಲ್ಲ ಎನ್ನುತ್ತೀರಿ. ಬರೆದರೆ ಅದು ನನ್ನ ಕೈಬರಹ. ಅವಳ ಹೆಸರಿನಲ್ಲಿ ನಾನೇ ತೆರೆದರೆ ನಿಮ್ಮ ನಿಯಮಕ್ಕೆ ಸಮಾಧಾನವಾದೀತು, ಆದರೆ ಬೆರಳು ತಾಗಿ ಪುಟ ತಿರುಗಿಬಿಟ್ಟರೆ?

ನಿಮ್ಮ ಕಚೇರಿಗೆ ಫೋನ್ ಮಾಡಿದೆ. "ಹೆಸರು ಉಳಿಸ್ಬೇಕಂದ್ರೆ ಅವರೇ ಬಂದು ಸಹಿ ಹಾಕ್ಲಿ," ಎಂದರು ಗುಮಾಸ್ತರು. ಅವಳು ಬರುವುದಾದರೆ ದಿನವಿಡೀ ನಿಮ್ಮ ಬಾಗಿಲಲ್ಲಿ ಕಾಯುತ್ತಿದ್ದೆ, ಮಾನ್ಯರೇ. ಆಗ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಕ್ಕನ ಮಗಳು ನನ್ನ ಹೆಗಲ ಮೇಲೆ ಅತ್ತಾಗಲೂ ನನಗೆ ಅಳು ಬಂದಿರಲಿಲ್ಲ. ಟೈರ್ ಬಿಚ್ಚುತ್ತೇನೆ, ಹಾಕುತ್ತೇನೆ, ಮನೆಗೆ ಹೋಗುತ್ತೇನೆ.

ನಲವತ್ತೇ ಹೆಸರಿಗೆ ಅನುಮತಿ, ಹೊಸಬರೊಬ್ಬರು ಕಾಯುತ್ತಿದ್ದಾರೆ ಎಂದು ಆದೇಶದಲ್ಲಿ ಬರೆದಿದ್ದೀರಿ. ಒಪ್ಪಿದೆ. ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಗ್ರಂಥಾಲಯ ನೋಡಿಕೊಳ್ಳುವವನೆಂದು ನನ್ನನ್ನು ಅದರಿಂದ ಬಿಟ್ಟಿದ್ದೀರಿ. ಅವಳು ಹೋದ ದಿನದಿಂದ ನಾನೂ ಒಂದು ಪುಟ ಓದಿಲ್ಲ. ಒಬ್ಬರನ್ನು ಅಳಿಸಲೇಬೇಕಿದ್ದರೆ ನನ್ನನ್ನು ಅಳಿಸಿ. ಅಕ್ಕನ ಪುಟ ಅಕ್ಕನಿಗಿರಲಿ.

ಇಂತಿ,
ಲೆಕ್ಕಕ್ಕುಂಟು, ಆಟಕ್ಕಿಲ್ಲದ
ಟೈರ್ ವಿಭಾಗದ ತಮ್ಮ