ಹನ್ನೊಂದು ನಕ್ಷತ್ರ

ಶನಿವಾರ, ಮಾರ್ಚ್ ೧೪

ಪ್ರೀತಿಯ ನರ್ಸಮ್ಮನಿಗೆ,

ನೀನೂ, ನಿನ್ನ ಯಜಮಾನರೂ, ಅವರ ಮೊಣಕಾಲೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳಿಗೆ ಉತ್ತರಿಸದೆ ಇದ್ದದ್ದಕ್ಕೆ ಸೋಮಾರಿತನ ಕಾರಣವಲ್ಲ. ಅದಾಗಿದ್ದರೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ನಿನ್ನ ನೀಲಿ ಪುಸ್ತಕದಿಂದ ನನಗೊಂದು ಅಂಕಿ ಬೇಕಾಗಿದೆ. ಕೇಳುವ ಧೈರ್ಯ ಬರಲು ಇಷ್ಟು ದಿನ ಹಿಡಿಯಿತು. ಕಾಗದ ಮುಗಿಯುವುದರೊಳಗೆ ಕೇಳಿಬಿಡುತ್ತೇನೆ.

ಮೊದಲು, ದಪ್ಪ ಮಕ್ಕಳ ಮೈ ಇಳಿಸಲೆಂದು ನಾವು ಕಟ್ಟಿದ ಆರೋಗ್ಯ ಕೂಟದ ಸುದ್ದಿ. ಸಭಾಂಗಣದಲ್ಲಿ ಅದೇ ಸೋರುವ ನಲ್ಲಿ, ಅದೇ ಕುಂಟು ಬೆಂಚು. ನೀನಿದ್ದಾಗ ಪರದೆಯ ಹಿಂದೆ ನೀನೇ ಒಂದೊಂದೇ ಮಗುವನ್ನು ಯಂತ್ರ ಹತ್ತಿಸಿ, ತೂಕವನ್ನು ಅದರ ಕಿವಿಯಲ್ಲಿ ಮಾತ್ರ ಪಿಸುಗುಟ್ಟಿ, ಪುಸ್ತಕದಲ್ಲಿ ಬರೆದುಕೊಂಡು ಚೀಲಕ್ಕೆ ಸೇರಿಸುತ್ತಿದ್ದೆ. "ಇದು ಮಗುವಿನ ಗುಟ್ಟು ಮೇಷ್ಟ್ರೇ, ಗೋಡೆಗೆ ಹೇಳೋದಲ್ಲ" ಅನ್ನುತ್ತಿದ್ದೆ. ತೂಕದ ಮಾತು ಎಂದು ನಾನು ನಕ್ಕಿದ್ದೆ, ಬಹಳ ಹಗುರವಾಗಿ.

ನೀನು ವರ್ಗವಾಗಿ ಹೋದ ತಿಂಗಳೊಳಗೆ ಇಪ್ಪತ್ತೆರಡು ಮಕ್ಕಳು ಆರಾದರು. ಭೂಗೋಳದ ಮೇಷ್ಟ್ರು ನಾನು. ಬರಿ ಗೋಡೆ ಕಂಡರೆ ನಕ್ಷೆ ತೂಗುಹಾಕದಿದ್ದರೆ ಕೈ ಕಡಿಯುತ್ತದೆ. ದೊಡ್ಡ ಹಾಳೆ ಅಂಟಿಸಿದೆ. ಗುಟ್ಟು ಉಳಿಯಲೆಂದು ಮಕ್ಕಳಿಗೆ ತರಕಾರಿ ಹೆಸರಿಟ್ಟೆ: ಕುಂಬಳ, ಸೌತೆ, ಮೂಲಂಗಿ. ಆ ಗುಟ್ಟು ಉಳಿದದ್ದು ಅಂಟು ಒಣಗುವವರೆಗೆ. ಪ್ರತಿ ವಾರದ ತೂಕವನ್ನು ಸ್ಲೇಟಿನಲ್ಲಿ ಬರೆದು, ಹಿಂದಿನದಕ್ಕಿಂತ ಇಳಿದಿದ್ದರೆ ಹಾಳೆಗೊಂದು ನಕ್ಷತ್ರ ಅಂಟಿಸಿ, ಹಳೆಯ ಅಂಕಿ ಅಳಿಸಿಬಿಡುತ್ತಿದ್ದೆ. ಮೂರೇ ವಾರದಲ್ಲಿ ಮೂವತ್ತು ಮಕ್ಕಳು. ನಮ್ಮ ವಾರ್ಡಿನ ಸದಸ್ಯರು ಬಂದು, ತಮ್ಮ ಪಾದ ತಮಗೇ ಕಾಣದ ಆ ದೇಹವನ್ನು ತಡವಿಕೊಂಡು, "ಮಕ್ಕಳೇ, ನನ್ ಥರ ಆಗ್ಬೇಡಿ" ಎಂದರು. ಅವರ ಬಾಯಲ್ಲಿ ನಾನು ಕೇಳಿದ ಮೊದಲ ನಿಜ ಅದು.

ಒಂದು ದಿನ ಕುಂಬಳದ ಅಪ್ಪ, ಮೂಲೆಯ ಕ್ಷೌರದಂಗಡಿಯವನು, ನನ್ನ ಅರ್ಧ ಗಡ್ಡ ಹೆರೆದು ಕತ್ತಿ ನಿಲ್ಲಿಸಿದ.

"ಮೇಷ್ಟ್ರೇ, ಮಗಳು ಶುಕ್ರವಾರ ನೀರೂ ಮುಟ್ಟಲ್ಲ. ಶನಿವಾರ ನಿಮ್ ಯಂತ್ರ ಇಳಿದಿದ್ದೇ ಬೇಕರಿಗೆ ಓಡ್ತಾಳೆ. ಇದ್ಯಾವ ಸೀಮೆ ಆರೋಗ್ಯ?"

"ಶಿಸ್ತು ಬರೋಕೆ ಸ್ವಲ್ಪ ಸಮಯ ಬೇಕಪ್ಪಾ."

"ಶಿಸ್ತಲ್ಲ ಸ್ವಾಮಿ, ಸುಸ್ತು" ಅಂದ. ಶ್ಲೇಷೆ ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ; ಅವನ ಬಾಯಲ್ಲಿ ಕೇಳಿ ನಗು ಬರಲಿಲ್ಲ. ಆದರೂ ಹಾಳೆ ಕೀಳಲಿಲ್ಲ ನಾನು. ಮುಂದಿನ ಶನಿವಾರ ಹಗ್ಗ ಜಿಗಿಯುತ್ತಲೇ ಕುಂಬಳ ಕುಸಿದುಬಿದ್ದಳು. ತುಟಿ ಒಡೆಯಿತು.

ತಾಯಂದಿರು ಬಂದರು, ಬೈದರು, ಬೀಗದ ಕೈ ಕಿತ್ತುಕೊಂಡರು. ನಾವು ಕಲ್ಲು ಆರಿಸಿ ಹಸನುಮಾಡಿದ ಆಟದ ಬಯಲಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಮಕ್ಕಳು ಮೊದಲಿನಂತೆ ಮೆಟ್ಟಿಲ ಮೇಲೆ ಕೂತು ಕುರುಕಲು ತಿಂಡಿಯ ಪೊಟ್ಟಣ ಹರಿಯುತ್ತಾರೆ, ನನ್ನನ್ನು ಕಂಡರೆ ಬೆನ್ನ ಹಿಂದೆ ಬಚ್ಚಿಡುತ್ತಾರೆ. ಕೂಟ ಮುಚ್ಚಿದ್ದಕ್ಕೆ ನಿಜವಾಗಿ ಅತ್ತವನು ಬೇಕರಿಯವನೊಬ್ಬನೇ; ಅಷ್ಟು ಹಸಿದ ಗಿರಾಕಿಗಳು ಅವನಿಗೆ ಇನ್ನೆಲ್ಲಿ ಸಿಗಬೇಕು.

ಉಳಿದವರೆಲ್ಲ ಇಳಿದಷ್ಟನ್ನೂ ಮತ್ತೆ ಗಳಿಸಿಕೊಂಡರು, ಮೂಲಂಗಿಯೊಬ್ಬಳನ್ನು ಬಿಟ್ಟು. ಹನ್ನೊಂದು ವಾರ, ಹನ್ನೊಂದು ನಕ್ಷತ್ರ. "ಮೂಲಂಗಿಯನ್ನು ನೋಡಿ ಕಲೀರಿ" ಎಂದು ಚಪ್ಪಾಳೆ ತಟ್ಟಿಸಿದವನು ನಾನೇ. ಕೂಟ ಮುಚ್ಚಿದ್ದನ್ನು ಅವಳು ಒಪ್ಪಲಿಲ್ಲ. ತುತ್ತು ಬಾಯಿಗಿಟ್ಟರೆ ಹಲ್ಲು ಕಚ್ಚುತ್ತಾಳೆ. ಆಸ್ಪತ್ರೆ ಸೇರಿ ಮೂರು ವಾರವಾಯಿತು. ಮೂಗಿನ ನಳಿಕೆಯಲ್ಲಿ ಹಾಕಿದ್ದನ್ನೂ ಮೈ ಹಿಡಿಯುತ್ತಿಲ್ಲ. ಡಾಕ್ಟರು ನನ್ನೊಡನೆ ಮಾತಾಡುವಾಗ ಕಿಟಕಿಯ ಕಡೆ ನೋಡುತ್ತಾರೆ.

ನಿನ್ನ ಮನೆಯವರೆಲ್ಲ ಹೊಟ್ಟೆ ತುಂಬ ಉಣ್ಣಲಿ, ಕಣ್ತುಂಬ ಮಲಗಲಿ. ನನಗೆ ಈಗ ಬರುವ ಆಶೀರ್ವಾದ ಇದೊಂದೇ.

ಇತಿ,
ನಿನ್ನ ಗುಂಡು ಮೇಷ್ಟ್ರು

ಮರೆತಿದ್ದು: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಮೂಲಂಗಿ ನನ್ನ ಮಗಳು. ದಪ್ಪ ಮಕ್ಕಳಿಗೆ ಸಂಕೋಚವಾಗದಿರಲೆಂದು ಮೊದಲ ದಿನ ಸಾಲಿನ ಮುಂದೆ ನಿಲ್ಲಿಸಿದ್ದೆನಲ್ಲ, ಅವಳೇ. ಇಳಿಸಲು ಅವಳ ಮೈಯಲ್ಲಿ ಏನೂ ಇರಲಿಲ್ಲ. ಮೊದಲು ಎಷ್ಟಿದ್ದಳು ಎಂದು ಡಾಕ್ಟರು ಕೇಳುತ್ತಾರೆ. ನನ್ನ ಹತ್ತಿರ ಇರುವುದು ನಕ್ಷತ್ರಗಳು. ಅವಳನ್ನೇ ಕೇಳಿದರೆ, "ಅದು ಗುಟ್ಟಪ್ಪಾ, ನರ್ಸಮ್ಮಂಗೆ ಮಾತು ಕೊಟ್ಟಿದೀನಿ" ಅನ್ನುತ್ತಾಳೆ. ನಿನ್ನ ಮಾತು ಮುರಿದು ಆ ಅಂಕಿ ಕಳಿಸು.

ಇವತ್ತು ಬೆಳಿಗ್ಗೆ ತೂಕ ನೋಡಿದರು. ಮತ್ತೆ ಅರ್ಧ ಕಿಲೋ ಇಳಿದಿತ್ತು. ಅವಳು ನಕ್ಷತ್ರಕ್ಕೆಂದು ನನ್ನ ಕಡೆ ಅಂಗೈ ಚಾಚಿದಳು.