ಕ್ಯಾಮೆರಾ ಕೈಕೊಟ್ಟ ಬೆಳಿಗ್ಗೆ

ನನ್ನ ಮುದ್ದು ನಾದಿನಿ ಗಗನಾ,

ಶಿರಾದ ರೂಮು ಹೇಗಿದೆ, ನೀರು ಸರಿಯಾಗಿ ಬರುತ್ತದೆಯೇ, ಮನೆಯೊಡತಿ ಒಳ್ಳೆಯವಳೇ ಎಂದೆಲ್ಲ ಮೊಬೈಲಿನಲ್ಲಿ ಟೈಪ್ ಮಾಡಿ ಕೇಳಿದ್ದಾಯಿತು. ಅಷ್ಟಕ್ಕೆ ಪತ್ರ ಬೇಕಿರಲಿಲ್ಲ. ಇದನ್ನು ಬೇರೆ ಕಾರಣಕ್ಕೆ ಬರೆಯುತ್ತಿದ್ದೇನೆ. ನಿನ್ನ ಸಂದರ್ಶನದ ಬೆಳಿಗ್ಗೆ ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ನೀನು ಕಣ್ಣಾರೆ ಕಂಡೆ. ಆದರೆ ಹುಟ್ಟಿನಿಂದ ಕೇಳದ ನಿನ್ನ ಕಿವಿಗೆ ಅಲ್ಲಿ ಆಡಿದ ಒಂದು ಮಾತೂ ಬೀಳಲಿಲ್ಲ. ಅರ್ಧ ಕಥೆ ನಿನ್ನಲ್ಲಿದೆ, ಅರ್ಧ ನನ್ನಲ್ಲಿದೆ. ನನ್ನ ಅರ್ಧವನ್ನು ಇಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕಲೇ? ನಿನಗೇ ಕೊಡುತ್ತಿದ್ದೇನೆ.

ಶಿರಾದ ಕಿವುಡ ಮಕ್ಕಳ ಶಾಲೆಯ ಟೀಚರ್ ಕೆಲಸಕ್ಕೆ ಸಂದರ್ಶನ. ಪ್ರಶ್ನೆ ಕೇಳುವವರು ಮೈಸೂರಿನಲ್ಲಿ, ನೀನು ಕೊರಟಗೆರೆಯಲ್ಲಿ. ಮೊಬೈಲಿನಿಂದ ಆಗದು, ಕಂಪ್ಯೂಟರಿನಲ್ಲೇ ಬರಬೇಕು, ತಲೆಯಿಂದ ಸೊಂಟದವರೆಗೆ ಎರಡೂ ಕೈ ಸ್ಪಷ್ಟವಾಗಿ ಕಾಣಬೇಕು ಎಂದು ಮೊದಲೇ ತಿಳಿಸಿದ್ದರು. ಕೈಯಲ್ಲಿ ಮಾತಾಡುವವಳಿಗೆ ಕ್ಯಾಮೆರಾ ಇಲ್ಲದಿದ್ದರೆ ಬಾಯಿಗೆ ಬಟ್ಟೆ ಕಟ್ಟಿ ಕೂರಿಸಿದ ಹಾಗೆ. ಹಾಗಾಗಿಯೇ ನಾನು ಆ ಹೊಸ ಕ್ಯಾಮೆರಾ ತಂದು, ಸ್ಟ್ಯಾಂಡಿಗೆ ಕೂರಿಸಿ, ನಿನ್ನ ಹಿಂದೆ ನೀಲಿ ಪರದೆ ಕಟ್ಟಿ ಹಬ್ಬಕ್ಕೆ ಮುಂಚೆಯೇ ಪರೀಕ್ಷೆ ಮಾಡಿ ಮುಗಿಸಿದ್ದೆ. ಎಲ್ಲ ಸೊಗಸಾಗಿತ್ತು. ಆಮೇಲೆ ಬಂತು ನೋಡು ಆಯುಧ ಪೂಜೆ. ಕಂಪ್ಯೂಟರು, ಪ್ರಿಂಟರು, ನಿನ್ನ ಅಣ್ಣನ ಬೈಕು ಎಲ್ಲಕ್ಕೂ ಪೂಜೆಯಾಯಿತು, ಹಬ್ಬ ಮುಗಿಯುವವರೆಗೆ ಯಾರೂ ಯಾವುದನ್ನೂ ಮುಟ್ಟಲಿಲ್ಲ. ಸಂದರ್ಶನದ ಬೆಳಿಗ್ಗೆ ನಾನು ಕ್ಯಾಮೆರಾ ಸಿಕ್ಕಿಸಿದರೆ ಕಂಪ್ಯೂಟರ್ ಪರದೆಯ ಮೇಲೆ ಒಂದೇ ಸಾಲು: ಯಾವ ಕ್ಯಾಮೆರಾವೂ ಕಂಡುಬಂದಿಲ್ಲ.

ನೀನು ಆಗ ನನ್ನ ಮುಖ ನೋಡಿದೆ. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಅದು ಸುಳ್ಳಲ್ಲ, ಗಗನಾ. ನನ್ನ ಕೈಗೆ ಸಿಕ್ಕ ಯಂತ್ರ ಹಟ ಮಾಡಬಹುದು, ಗೆದ್ದದ್ದಿಲ್ಲ.

ನಿನ್ನ ಅಣ್ಣ ನಾಗಭೂಷಣ್ ಅವರು ಆಗಲೇ ಬೈಕಿನ ಕೀ ಹುಡುಕುತ್ತಿದ್ದರು. "ಈ ಲಿನಕ್ಸ್ ಸಾವಾಸ ಬ್ಯಾಡ ಅಂದ್ರೆ ಕೇಳಲ್ಲ ನೀನು. ಊರೋರೆಲ್ಲ ಹಾಕ್ಸೋದು ಒಂದಾದ್ರೆ ಇವಳದ್ದೇ ಒಂದು. ತುಮಕೂರಿಗೋಗಿ ಬೇರೆ ಕ್ಯಾಮೆರಾ ತತ್ತೀನಿ ಬುಡು" ಎಂದರು. ತುಮಕೂರಿಗೆ ಹೋಗಿ, ಅಂಗಡಿ ಬಾಗಿಲು ತೆಗೆಯುವವರೆಗೆ ಕಾದು, ತಿರುಗಿ ಬರುವಷ್ಟರಲ್ಲಿ ನಿನ್ನ ಸರದಿ ಕಳೆದು ಮೈಸೂರಿನವರು ಊಟಕ್ಕೆ ಎದ್ದಿರುತ್ತಿದ್ದರು. "ಸುಮ್ನೆ ಕೂತ್ಕಳ್ರಿ" ಎಂದೆ. ಕೂತರು.

ಗಂಡ ಬೈದರೂ ನಾನು ಕಂಪ್ಯೂಟರು ನಡೆಸುವ ಆ ಲಿನಕ್ಸನ್ನು ಬಿಡದಿರುವುದಕ್ಕೆ ಕಾರಣವಿದೆ. ಅದು ಕೇಳಿದ್ದಕ್ಕೆ ನೇರ ಉತ್ತರ ಕೊಡುತ್ತದೆ. ಕಪ್ಪು ಪರದೆ ತೆರೆದು ಒಂದು ಆಜ್ಞೆ ಕೊಟ್ಟರೆ, ಕಂಪ್ಯೂಟರಿಗೆ ಚುಚ್ಚಿದ ಒಂದೊಂದು ಸಾಮಾನೂ ತರಗತಿಯ ಹಾಜರಿಯಂತೆ ತನ್ನ ಹೆಸರು ಹೇಳುತ್ತದೆ. ಮೌಸ್ ಬಂತು, ಕೀಬೋರ್ಡ್ ಬಂತು, ಪ್ರಿಂಟರ್ ಬಂತು. ಕ್ಯಾಮೆರಾ ಹೆಸರಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಜಾಣರು ಹೇಳುವುದೇ ಬೇರೆ: ಡ್ರೈವರ್ ಹಾಕು, ಅನುಮತಿ ಕೊಡು, ಆ ಸಾಲು ಬರಿ, ಈ ಸಾಲು ಅಳಿಸು. ಹೆಸರು ಬಂದು ಚಿತ್ರ ಬರದಿದ್ದರೆ ಅದೆಲ್ಲ ಸರಿ. ಹಾಜರಿಯಲ್ಲೇ ಇಲ್ಲದವನಿಗೆ ಪಾಠ ಹೇಳಿ ಏನು ಫಲ? ತಪ್ಪು ಕಂಪ್ಯೂಟರಿನ ತಲೆಯೊಳಗಲ್ಲ, ತಂತಿಯಲ್ಲೋ ತೂತಿನಲ್ಲೋ ಇದೆ ಎಂದು ನನಗೆ ಗೊತ್ತಾಗಿಹೋಯಿತು. ಕ್ಯಾಮೆರಾದ ಜಾಗಕ್ಕೆ ಮೌಸ್ ಚುಚ್ಚಿದೆ, ಅದು ಓಡಾಡಿತು. ಹಾಗಾದರೆ ತೂತು ಸರಿಯಿದೆ.

ಇಷ್ಟರಲ್ಲಿ ಅತ್ತೆ ಒಳಮನೆಯಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನಿನ್ನ ಬೆನ್ನು ಅತ್ತ ಇತ್ತು, ನೀನು ನೋಡಲಿಲ್ಲ. ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. "ಹೋಗ್ಲಿ ಬುಡು ಪುಷ್ಪಾ. ನಾಕು ಜನದ ಮುಂದೆ ಕೈ ಆಡಿಸ್ಕೊಂಡು ಕೂರೋ ಕೆಲಸ ಬ್ಯಾಡ ಅಂತ ಆ ಶಿವನೇ ಅದರ ಕಣ್ಣು ಮುಚ್ಚವ್ನೆ."

ನನಗೆ ಸಿಟ್ಟು ನೆತ್ತಿಗೇರಿತು. ಮಧುಗಿರಿಯವರು ನಿನ್ನನ್ನು ನೋಡಲು ಬಂದಾಗ ಇದೇ ಅತ್ತೆ ನಿನ್ನ ಕೈ ಎರಡನ್ನೂ ಸೆರಗಿನೊಳಗೆ ಸೇರಿಸಿ ಕೂರಿಸಿದ್ದು ನಿನಗೆ ಮರೆತಿಲ್ಲ, ನನಗೂ ಮರೆತಿಲ್ಲ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಸಂತೆಯಲ್ಲಿ ಎಲ್ಲೆಂದರಲ್ಲಿ ನಿನ್ನ ಕೈ ಒತ್ತಿ ಹಿಡಿಯುತ್ತಿದ್ದರು. ನಾನು ಪಾವಗಡದವಳು, ನಮ್ಮಲ್ಲಿ ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಮುದ್ದು ಮಾಡುತ್ತಾರೆ. ಎರಡು ಭಾಷೆಯ ಮನೆಯಿಂದ ಬಂದವಳಿಗೆ ನಿನ್ನ ಕೈಮಾತು ಮೂರನೆಯದು, ಅಷ್ಟೇ. ಅತ್ತೆಗೆ ಮಾತ್ರ ಅದು ಭಾಷೆ ಅಂತಲೇ ಅನ್ನಿಸಿರಲಿಲ್ಲ. ನಾನು ಕ್ಯಾಮೆರಾ ತಂತಿಯ ತುದಿಯ ಪ್ಲಗ್ ಎತ್ತಿ ಟಾರ್ಚ್ ಬಿಟ್ಟು ನೋಡಿದೆ.

ಒಳಗೆ ಗಂಧ. ಒಣಗಿ ಗಟ್ಟಿಯಾದ ಗಂಧ, ಅದರ ಮೇಲೆ ಕುಂಕುಮ, ನಡುವೆ ಸಿಕ್ಕಿಕೊಂಡ ಒಂದು ಅಕ್ಷತೆ ಕಾಳು.

"ಅಯ್ಯೋ ದೇವುಡಾ, ಇದಕ್ಯಾರು ಇಟ್ಟೋರು?" ಎಂದೆ. ಅತ್ತೆ ಹತ್ತಿರ ಬಂದು ಇಣುಕಿದರು. ಅವರ ಮುಖ ಸಣ್ಣದಾಯಿತು. "ನಾನೇ ಕಣಮ್ಮ. ಅದೇ ಅದರ ಬಾಯಿ ಅನ್ಕಂಡೆ. ಗಗನನ ಕೆಲಸಕ್ಕೆ ತಂದ ಸಾಮಾನು, ಜಾಸ್ತಿನೇ ಇರ್ಲಿ ಅಂತ ಮೆತ್ತಿದೆ" ಎಂದರು.

ಕೇಳಿದೆಯಾ? ಜಾಸ್ತಿಯೇ ಇರಲಿ ಅಂತ. ಈ ಕೆಲಸ ಬೇಡ ಎಂದ ಬಾಯಿಯೇ ಅದು. ಬೇಡ ಅನ್ನುತ್ತಲೇ ಎಲ್ಲಕ್ಕಿಂತ ಹೆಚ್ಚು ಗಂಧ ನಿನ್ನ ಕ್ಯಾಮೆರಾಕ್ಕೆ ಹಚ್ಚಿದ್ದರು. ನನ್ನ ಸಿಟ್ಟು ಅಲ್ಲೇ ಇಳಿಯಿತು. "ಶಿವ ಏನೂ ಮುಚ್ಚಿಲ್ಲ ಅತ್ತೆ, ನೀವು ಮುಚ್ಚಿರೋದು. ಹಳೇ ಬ್ರಷ್ ತಗೊಂಡ್ಬನ್ನಿ" ಎಂದೆ. ಈ ವಯಸ್ಸಿನಲ್ಲಿ ಅವರು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ನೀನು ನೋಡಿದೆ, ಆದರೆ ಯಾಕೆಂದು ನಿನಗೆ ತಿಳಿಯಲಿಲ್ಲ. ಕಾಳನ್ನು ಸೂಜಿಯಿಂದ ಎತ್ತಿ, ಸ್ಯಾನಿಟೈಸರ್ ಹಚ್ಚಿ ಉಜ್ಜಿ, ಚೆನ್ನಾಗಿ ಆರಿಸಿ, ಮತ್ತೆ ಚುಚ್ಚಿ ಹಾಜರಿ ಕೂಗಿದೆ. ಬಂತು ಹೆಸರು. ಚಿತ್ರವೂ ಬಂತು, ಹಾಲಿನೊಳಗಿಂದ ನೋಡಿದಂತೆ. ಗಾಜಿನ ಮೇಲೆ ವಿಭೂತಿ. ಅದನ್ನು ಅತ್ತೆಯೇ ಸೆರಗಿನ ತುದಿಯಿಂದ ಒರೆಸಿದರು. ನೀನು ಪರದೆ ತುಂಬ ಕಾಣಿಸಿಕೊಂಡೆ, ಎರಡೂ ಕೈ ಸಮೇತ.

ಇನ್ನು ಮುಂದಿನದು ನಿನಗೆ ಗೊತ್ತೇ ಇಲ್ಲದ್ದು. ಸಂದರ್ಶನ ನಡೆಯುವಾಗ ನಾವು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಮೂಲೆಯಲ್ಲಿದ್ದೆವು. ಅತ್ತೆ ಪರದೆಯಿಂದ ಕಣ್ಣು ಕೀಳಲಿಲ್ಲ. ಕೈ ನಿಲ್ಲಿಸದೆ ಮಾತಾಡುವ ನಿನ್ನನ್ನು ಅವರು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ. "ಏನಂತವಳೆ? ಏನಂತವಳೆ ಹೇಳೇ" ಎಂದು ನನ್ನ ತೋಳು ಚಿವುಟಿದರು. ಈ ಕೆಲಸ ಯಾಕೆ ಬೇಕು ಎಂದು ಮೈಸೂರಿನವರು ಕೇಳಿದ್ದಕ್ಕೆ ನೀನು ಹೇಳಿದ್ದು ನೆನಪಿದೆಯೇ? ನಮ್ಮ ಅವ್ವನಿಗೂ ನನಗೂ ನಡುವೆ ಊಟ, ನಿದ್ದೆ, ಜ್ವರ, ಬೇಡ, ಇಷ್ಟೇ ಮಾತು. ಅವಳು ತುಂಬ ಒಳ್ಳೆಯವಳು, ಆದರೆ ಅವಳಿಗೆ ನಾನು ಯಾರೆಂದು ಗೊತ್ತಿಲ್ಲ. ಇನ್ನೊಂದು ಮಗು ಹಾಗೆ ಬೆಳೆಯಬಾರದು ಎಂದೆ ನೀನು.

ನಾನು ಅದನ್ನು ಹಾಗೆಯೇ ಅತ್ತೆಯ ಕಿವಿಯಲ್ಲಿ ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ. ಯಾಕೆ ಹೇಳಿದೆ ಎಂದು ನನ್ನ ಮೇಲೆ ಕೋಪ ಮಾಡಿಕೊಂಡರೆ ಮಾಡಿಕೋ, ನನಗೆ ಪಶ್ಚಾತ್ತಾಪವಿಲ್ಲ. ಅತ್ತೆ ಜೆರಾಕ್ಸ್ ಪೇಪರಿನ ಕಟ್ಟಿನ ಮೇಲೆ ಕೂತರು. "ಇಷ್ಟೆಲ್ಲಾ ಇತ್ತಾ ಇವಳ ಹೊಟ್ಟೇಲಿ" ಎಂದರು. ಮತ್ತೆ, "ನಾನೇ ಅಲ್ವೇನೆ ಹಿಡಿದು ಹಿಡಿದು ಇಟ್ಟಿದ್ದು" ಎಂದರು. ಅತ್ತರು. ಸಂದರ್ಶನ ಚೆನ್ನಾಗಿ ಆದ ಖುಷಿಗೆ ಅತ್ತರು ಅಂದುಕೊಂಡೆ ನೀನು. ಅದಕ್ಕಲ್ಲ.

ಕೆಲಸ ಸಿಕ್ಕಿ ನೀನು ಶಿರಾಕ್ಕೆ ಹೊರಟ ದಿನ ಅವರು ನಿನ್ನ ಹಣೆಗೆ ವಿಭೂತಿ ಇಟ್ಟ ಮೇಲೆ ನಿನ್ನ ಎರಡೂ ಅಂಗೈ ಬಿಡಿಸಿ ಅಲ್ಲಿಗೂ ಹಚ್ಚಿದರಲ್ಲ, ನೀನು ನಕ್ಕು ನನ್ನ ಕಡೆ ನೋಡಿದೆ. ಆಗ ಅವರು ಹೇಳಿದ್ದು ಇಷ್ಟು: "ಆಯುಧ ಪೂಜೆ ದಿನ ಇವೆರಡೇ ಬಿಟ್ಟೋಗಿದ್ವು ಕಣೇ."

ಈಗ ದಿನಾ ಮಧ್ಯಾಹ್ನ ಅತ್ತೆ ಅಂಗಡಿಗೆ ಬಂದು ನನ್ನ ಪಕ್ಕ ಕೂತು ಕೈಮಾತು ಕಲಿಯುತ್ತಿದ್ದಾರೆ. ಗಿರಾಕಿಗಳು ನಕ್ಕರೆ ಅವರನ್ನೇ ಬೈಯುತ್ತಾರೆ. ಭಾನುವಾರ ಅದೇ ಕ್ಯಾಮೆರಾದ ಮುಂದೆ ಕೂತು ನಿನಗೆ ಒಂದು ಪ್ರಶ್ನೆ ಕೇಳುತ್ತಾರೆ. ಊಟ ಆಯಿತೇ ಅಂತಲ್ಲ. ಇವತ್ತು ಏನೇನಾಯಿತು, ಎಲ್ಲ ಹೇಳು ಅಂತ. ಬೆರಳು ತಡವರಿಸಬಹುದು, ನಗಬೇಡ. ಉತ್ತರ ಅವರಿಗೆ ಪೂರ್ತಿ ಅರ್ಥವಾಗದಿದ್ದರೂ ಚಿಕ್ಕದು ಮಾಡಬೇಡ. ನಾನು ಪಕ್ಕದಲ್ಲೇ ಇರುತ್ತೇನೆ.

ನಿನ್ನ ಹತ್ತು ಬೆರಳೂ ಗಟ್ಟಿಯಾಗಿರಲಿ, ನಿನ್ನ ಮಕ್ಕಳ ಬೆರಳಿಗೂ ಮಾತು ಬರಲಿ.

ಇಂತಿ ನಿನ್ನ ಅತ್ತಿಗೆ,
ಪುಷ್ಪಾವತಿ