ನನ್ನ ಮಾತ್ರೆ, ನಿಮ್ಮ ವಯಸ್ಸು

ರೀ,

ಗಂಜಿ ಕುಕ್ಕರಿನಲ್ಲಿದೆ, ಬಿಸಿ ಮಾಡಿಕೊಳ್ಳಿ. ಖಾರ ಮುಟ್ಟಬೇಡಿ.

ಬೆಳಿಗ್ಗೆ ಒಗೆಯಲು ತೆಗೆದ ನಿಮ್ಮ ಅಂಗಿಯ ಕಿಸೆಯಲ್ಲಿ ನನ್ನ ಸಕ್ಕರೆ ಕಾಯಿಲೆಯ ಮಾತ್ರೆಗಳು ಸಿಕ್ಕವು. ಜೊತೆಗೆ ನಿಮ್ಮ ರಕ್ತ ಪರೀಕ್ಷೆಯ ರಿಪೋರ್ಟ್: ವಯಸ್ಸು ಐವತ್ತೆಂಟು, ದೇಹದ ವಯಸ್ಸು ಅರವತ್ತಾರು. ಈ ಮಾತ್ರೆ ಮುಪ್ಪನ್ನೂ ತಡೆಯಬಹುದಂತೆ ಎಂದು ನೀವು ಮೊಬೈಲಿನಲ್ಲಿ ಓದಿ ಹೇಳಿದ್ದು ಆಗ ನೆನಪಾಯಿತು. ಹದಿನೈದು ದಿನದಿಂದ ನಿಮ್ಮ ಹೊಟ್ಟೆ ಕೆಟ್ಟಿರುವುದೂ ಇದಕ್ಕೇ ಇರಬೇಕು.

ಡಬ್ಬಿಯಲ್ಲಿ ಮಾತ್ರೆ ಕಡಿಮೆಯಿದ್ದದ್ದು ಕಂಡು, ಔಷಧಿ ಅಂಗಡಿಯವನೇ ಕಡಿಮೆ ಕೊಟ್ಟನೆಂದುಕೊಂಡು ನಾನು ಎರಡರ ಬದಲು ದಿನಕ್ಕೊಂದೇ ನುಂಗುತ್ತಿದ್ದೆ. ಮೊನ್ನೆ ಬಿಬವೇವಾಡಿ ಮಾರುಕಟ್ಟೆಗೆ ಕಾಯಿಪಲ್ಲೆ ತರಲು ಹೋದವಳು ತಲೆ ತಿರುಗಿ ರಸ್ತೆಯಲ್ಲೇ ಕೂತೆ. ಮನೆಗೆ ಬಂದರೆ ನೀವೇ ಬೈದಿರಿ: "ಮಾತ್ರಿ ಬರೋಬ್ಬರಿ ತಗೊಳ್ಳಂಗಿಲ್ಲ ನೋಡು ನೀ."

ಜಗಳವಾಡಲು ನನ್ನಲ್ಲಿ ಶಕ್ತಿ ಉಳಿದಿಲ್ಲ. ಮಾವನವರು ಅರವತ್ತಕ್ಕೇ ಹೋದದ್ದು ನಿಮ್ಮನ್ನು ಕೊರೆಯುತ್ತಿದೆ, ಅದೂ ಗೊತ್ತು.

ನಾನು ಡಾಕ್ಟರ ಹತ್ತಿರ ಹೋಗಿ ಇಬ್ಬರ ಹೆಸರೂ ಬರೆಸಿ ಕೂತಿರುತ್ತೇನೆ. ಉಂಡು ಬನ್ನಿ, ರಿಪೋರ್ಟ್ ತನ್ನಿ. "ನನಗ ಸಾಯೋದಂದ್ರ ಭಾಳ ಹೆದರಿಕಿ ಅದರೀ" ಅಂತ ನೀವೇ ಅವರಿಗೆ ಹೇಳಬೇಕು. ಹೇಳುವಾಗ ನಾನು ಪಕ್ಕದಲ್ಲೇ ಇರುತ್ತೇನೆ.

ಗಂಗವ್ವ